ನಾವೆಯ ರೆಕ್ಕೆ: ಒಂದು ಆಗಮೋಪಮೆಯ ವಿಚಾರ

ಕನ್ನಡದ ಓದುಗರಿಗೆ ಮಲ್ಲಿ ತೀರ್ಥಂಕರರ ಚರಿತೆ ನಾಗಚಂದ್ರನ ‘ಮಲ್ಲಿನಾಥಪುರಾಣ’ದಿಂದ ಪರಿಚಿತ. ಶ್ವೇತಾಂಬರರ ಆರನೆಯ ಅಂಗಾಗಮವಾದ ‘ಜ್ಞಾತಾಧರ್ಮಕಥಾ’ದ 8ನೆಯ ಅಧ್ಯಯನವೂ ಮಲ್ಲಿಯ ಕಥೆಯೇ. ಅಲ್ಲಿ ಮಲ್ಲಿ ಸ್ತ್ರೀತೀರ್ಥಂಕರರು. ಚಂಪಾನಗರಿಯ ಶ್ರಾವಕವಣಿಕ ಅರ್ಹನ್ನಕನ ಲವಣಸಮುದ್ರಯಾನವೂ ಅದರೊಳಗೆ ಬರುತ್ತದೆ. ಕಟ್ಟು ಕಳಚಿ, ಪಟವೆತ್ತಿ, ಗಾಳಿಯ ಬಲದಿಂದ ಹೊರಟ ಅವನ ನಾವೆಗೆ ರೆಕ್ಕೆ ಹರಡಿದ ಗರುಡಯುವತಿಯ ಹೋಲಿಕೆಯನ್ನು ಆಗಮವು ಕೊಡುತ್ತದೆ.

ಇಂದಿನ ಹಾಯಿದೋಣಿಯನ್ನು ಬಲ್ಲವರಿಗೆ ಈ ಉಪಮೆ ಕೂಡಲೇ ಒಂದು ದೃಶ್ಯವನ್ನು ತೋರುತ್ತದೆ. ಗಾಳಿ ನೇರ ಹಿಂದಿನಿಂದ ಬೀಸುವಾಗ ದೊಡ್ಡ ಹಾಯಿಯ ಮರೆಯಲ್ಲಿ ಮುಂದಿನ ತ್ರಿಕೋನ ಹಾಯಿ ಗಾಳಿ ಸಿಗದೆ ಜೋಲುತ್ತದೆ. ಆಗ ಅದನ್ನು ಎದುರು ಪಕ್ಕಕ್ಕೆ ಚಾಚಿ, ಅದರ ಕೆಳಮೂಲೆಗೂ ಕೂವೆಗೂ ನಡುವೆ ಹಗುರವಾದ ಕೋಲೊಂದನ್ನು ಕೊಟ್ಟು ನಿಲ್ಲಿಸುತ್ತಾರೆ. ಇದೇ ವಿಸ್ಕರ್ ಪೋಲ್. ಎಡಬಲದ ಹಾಯಿಗಳೆರಡೂ ಆಗ ಹಕ್ಕಿಯ ರೆಕ್ಕೆಗಳಂತೆಯೇ ಕಾಣುತ್ತವೆ.

ಹಾಗೆಂದು ಆಗಮಕಾಲದಲ್ಲೇ ಈ ಕೋಲು ಇತ್ತೆಂದು ಸಾಧಿಸಹೊರಡುವುದು ಸಲ್ಲದು. ಅಜಂತಾದ 2ನೆಯ ಗುಹೆಯ ಚಿತ್ರದಲ್ಲಿರುವ ಮೂರು ಕೂವೆಗಳ ಹಡಗಿನ ಪಟಗಳು ಎತ್ತರವಾದ ಚತುಷ್ಕೋನಗಳು. ಅಂತಹ ಪಟ ಅಡ್ಡಮರದಿಂದ ಇಳಿಬಿದ್ದು ಕೂವೆಯ ಎರಡು ಬದಿಗೂ ತಾನೇ ಹರಡಿಕೊಳ್ಳುತ್ತದೆ. ನಮ್ಮ ಕರಾವಳಿಯ ಮಂಜಿಗಳಲ್ಲಿಯೂ ಉದ್ದನೆಯ ಓರೆಮರವೇ ಹಾಯಿಯ ಮೇಲಂಚನ್ನು ಬಿಗಿಹಿಡಿಯುತ್ತದೆ. ತ್ರಿಕೋನ ಮುಂಬಟದ ಕೊರತೆಯನ್ನು ನೀಗುವ ಕೋಲಿಗೆ ಅಲ್ಲಿ ಕೆಲಸವಿಲ್ಲ. ‘ಅಮರಕೋಶ’ದ ‘ನೌಕಾದಂಡ’ ಶಬ್ದವನ್ನು ಕಂಡೊಡನೆ ಹಿಗ್ಗುವಂತೆಯೂ ಇಲ್ಲ. ಅದರ ಅರ್ಥ ಹುಟ್ಟು. ಕೂವೆಗೆ ಅಮರಸಿಂಹ ಹೇಳುವ ಹೆಸರುಗಳು ಕೂಪಕ, ಗುಣವೃಕ್ಷಕ.

ಹಾಗಾದರೆ ಉಪಮೆಯಿಂದ ಇತಿಹಾಸಕ್ಕೆ ದಕ್ಕುವುದೇನು? ಅನುಕೂಲವಾಯುವಿನಲ್ಲಿ ಪಟ ಪೂರ್ತಿ ಬಿಚ್ಚಿಕೊಂಡ ನಾವೆಯ ನೋಟ ಆಗಮಕಾರರ ಕಲ್ಪನೆಗೆ ಸ್ಪಷ್ಟವಾಗಿತ್ತು ಎಂಬುದು. ಆ ಪ್ರಸಂಗವೇ ಕುಕ್ಷಿಧಾರ, ಕರ್ಣಧಾರ, ಗರ್ಭಜರೆಂದು ನಾವೆಯ ಕೆಲಸಗಾರರನ್ನು ಬಿಡಿಸಿ ಹೆಸರಿಸುತ್ತದೆ. ಇನ್ನು ‘ಆವಶ್ಯಕನಿರ್ಯುಕ್ತಿ’ ಅರ್ಹಂತರನ್ನು ನಿರ್ಯಾಮಕರೆಂದು ಕರೆದು, ಮಿಥ್ಯಾತ್ವವನ್ನು ಕಾಲಿಕಾವಾತವೆಂಬ ಕೇಡಿನ ಗಾಳಿಗೂ ಸಮ್ಯಕ್ತ್ವವನ್ನು ಗರ್ಜಭವೆಂಬ ಅನುಕೂಲದ ಗಾಳಿಗೂ ಹೋಲಿಸಿ, ಜೀವನೌಕೆಯನ್ನು ಸಿದ್ಧಿಪಟ್ಟಣಕ್ಕೆ ಮುಟ್ಟಿಸುತ್ತದೆ. ಗಾಳಿಗಳ ಹೆಸರನ್ನೂ ಸ್ವಭಾವವನ್ನೂ ಅರಿತ ಕೇಳುಗರಿಲ್ಲದೆ ಇಂತಹ ರೂಪಕ ಫಲಿಸದು.

ಉಪಮೆಯು ನೋಟಕ್ಕೆ ಸಾಕ್ಷಿ, ಉಪಕರಣಕ್ಕಲ್ಲ. ಈ ಗೆರೆಯನ್ನು ದಾಟಿದ ಸಂಶೋಧನೆ ಪ್ರಾಚೀನರ ಹಿರಿಮೆಯನ್ನು ಹೆಚ್ಚಿಸುವುದಿಲ್ಲ; ಅವರು ನಿಜವಾಗಿ ಕಂಡದ್ದನ್ನು ನಮ್ಮಿಂದ ಮರೆಮಾಡುತ್ತದೆ.