ವಂಶಾವಳಿ ಮತ್ತು ಅಕ್ಷಿಪಟದ ಚಿತ್ರ: ಧಾರವಾಡ ಸೀಮೆಯ ಆನುವಂಶಿಕ ದೃಷ್ಟಿಹೀನತೆಯ ಚರಿತ್ರೆಗೊಂದು ಪ್ರವೇಶ

ಹುಬ್ಬಳ್ಳಿ-ಧಾರವಾಡ ಪರಿಸರದ ಸಾಂಸ್ಕೃತಿಕ ಚರಿತ್ರೆಯಲ್ಲಿ ದೃಷ್ಟಿಹೀನ ಸಾಧಕರಿಗೆ ಗೌರವದ ಸ್ಥಾನವಿದೆ. ಆದರೆ ದೃಷ್ಟಿಹೀನತೆಯನ್ನೇ ಚರಿತ್ರೆಯ ವಸ್ತುವಾಗಿ ನೋಡುವ ಪ್ರಯತ್ನಗಳು ವಿರಳ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳು (1892-1944) ಹುಟ್ಟಿನಿಂದಲೇ ಕಣ್ಣಿಲ್ಲದವರು. ಅವರ ಸೋದರನೂ ಹಾಗೆಯೇ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914-2010) ಬಾಲ್ಯದಲ್ಲಿ ಕಣ್ಣುಬೇನೆಯಿಂದ ದೃಷ್ಟಿ ಕಳೆದುಕೊಂಡವರು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಈ ಗುರುಶಿಷ್ಯರನ್ನು ಲೋಕ ಒಂದೇ ಮಾತಿನಲ್ಲಿ 'ಅಂಧ ಗವಾಯಿಗಳು' ಎಂದಿತು. ಆದರೆ ಇಬ್ಬರ ಕಣ್ಣಿನ ಕಥೆ ಒಂದೇ ಅಲ್ಲ. ಸೋದರರಿಬ್ಬರ ಹುಟ್ಟುಗುರುಡು ಆನುವಂಶಿಕವಾಗಿತ್ತೇ ಎಂದು ಇಂದು ನಿರ್ಣಯಿಸಲಾಗದು. ಹುಟ್ಟುಪೊರೆ, ಗರ್ಭದಲ್ಲಿ ತಗಲುವ ಸೋಂಕು ಮೊದಲಾದವೂ ಕಾರಣವಾಗಬಲ್ಲವು. ಕಣ್ಣಿನ ಒಳಭಾಗವನ್ನು ನೋಡಿದ ದಾಖಲೆಯೊಂದಿದ್ದರೆ ಮಾತ್ರ ಅಂಥ ನಿರ್ಣಯ ಸಾಧ್ಯ. ಈ ದಾಖಲೆಗೂ ನಮ್ಮ ಮೌಖಿಕ ಪರಂಪರೆಗೂ ಇರುವ ಸಂಬಂಧವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಣ್ಣಿನೊಳಗಿನ ಕಣ್ಣು

ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಪ್ರಕಟಿಸಿದ ನೇತ್ರದರ್ಶಕವು ಜೀವಂತ ಕಣ್ಣಿನ ಅಕ್ಷಿಪಟವನ್ನು ಮೊದಲ ಬಾರಿಗೆ ವೈದ್ಯರ ದೃಷ್ಟಿಗೆ ತಂದಿತು. 1857ರಲ್ಲಿ ಡಚ್ ವೈದ್ಯ ಡಾಂಡರ್ಸ್ 'ರೆಟಿನೈಟಿಸ್ ಪಿಗ್ಮೆಂಟೋಸಾ' ಎಂಬ ಹೆಸರನ್ನು ಬಳಕೆಗೆ ತಂದನು. ಈ ರೋಗದಲ್ಲಿ ಮಂದ ಬೆಳಕನ್ನು ಗ್ರಹಿಸುವ ಕೋಶಗಳು ಸಾಮಾನ್ಯವಾಗಿ ಮೊದಲು ಅಳಿಯುತ್ತವೆ. ಆದ್ದರಿಂದ ಇರುಳುಗುರುಡು ಅದರ ಮೊದಲ ಲಕ್ಷಣ; ಬಳಿಕ ನೋಟದ ಅಂಚುಗಳು ಕುಗ್ಗಿ, ಕೊಳವೆಯ ಮೂಲಕ ನೋಡಿದಂತಾಗುತ್ತದೆ. ಚಿತ್ರದಲ್ಲಿ ಅಕ್ಷಿಪಟದ ಅಂಚಿಗೆ ಎಲುಬಿನ ಚೂರುಗಳಂಥ ಕಪ್ಪು ಕಲೆಗಳೂ ಸಪೂರವಾದ ರಕ್ತನಾಳಗಳೂ ಕಾಣುತ್ತವೆ. 1926ರ ಹೊತ್ತಿಗೆ ಅಕ್ಷಿಪಟದ ಛಾಯಾಚಿತ್ರ ತೆಗೆಯುವ ಕ್ಯಾಮೆರಾ ಮಾರುಕಟ್ಟೆಗೆ ಬಂದಿತು. 1991ರಲ್ಲಿ ಪ್ರಕಟವಾದ ಓಸಿಟಿ ತಂತ್ರವು ಅಕ್ಷಿಪಟದ ಪದರಗಳನ್ನು ಅಡ್ಡಸೀಳಿದಂತೆ ತೋರಿಸಿತು.

ಹುಬ್ಬಳ್ಳಿಯಲ್ಲಿ 1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು, 1967ರಲ್ಲಿ ಡಾ. ಎಂ. ಎಂ. ಜೋಶಿ ಅವರ ನೇತ್ರಚಿಕಿತ್ಸಾಲಯ ಸ್ಥಾಪನೆಯಾದವು. ಈ ಸೀಮೆಯ ಜನ ಕಣ್ಣಿನ ಬೇನೆಗೆ ಹರಕೆಯ ಜೊತೆಗೆ ಆಸ್ಪತ್ರೆಯ ದಾರಿಯನ್ನೂ ಹಿಡಿದ ಕಾಲವದು. ದೇವಿಗೆ ಬೆಳ್ಳಿಯ ಕಣ್ಣು ಒಪ್ಪಿಸುವ ಹರಕೆ ನಿಲ್ಲಲಿಲ್ಲ. ಒಂದೇ ಕುಟುಂಬ ಎರಡನ್ನೂ ನಡೆಸಿಕೊಂಡು ಬಂದುದುಂಟು.

ಸೋದರಿಕೆ ಮತ್ತು ನುಡಿ

ಈ ರೋಗಕ್ಕೂ ರಕ್ತಸಂಬಂಧದ ಮದುವೆಗೂ ಇರುವ ನಂಟನ್ನು ಬರ್ಲಿನ್ನಿನ ವೈದ್ಯ ಲೀಬ್‌ರೈಖ್ 1861ರಲ್ಲಿಯೇ ಗುರುತಿಸಿದ್ದನು. ಅಂದರೆ ಕಣ್ಣೊಳಗನ್ನು ನೋಡಲು ಕಲಿತ ಹತ್ತು ವರ್ಷಗಳಲ್ಲಿ ವೈದ್ಯರು ವಂಶದ ಪ್ರಶ್ನೆಯನ್ನೂ ಕೇಳತೊಡಗಿದ್ದರು. ನಮ್ಮಲ್ಲಿ ಈ ಪ್ರಶ್ನೆಗೆ ಉತ್ತರ ನುಡಿಯಲ್ಲಿಯೇ ಅಡಗಿದೆ. ಕನ್ನಡದಲ್ಲಿ ತಾಯಿಯ ಸೋದರನೂ ಮಾವ, ಗಂಡನ ತಂದೆಯೂ ಮಾವ. ತಂದೆಯ ಸೋದರಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಇರಾವತಿ ಕರ್ವೆಯವರು 1953ರ ತಮ್ಮ ಗ್ರಂಥದಲ್ಲಿ ದಕ್ಷಿಣದ ಈ ಬಂಧುವ್ಯವಸ್ಥೆಯನ್ನು ವಿವರಿಸಿದ್ದಾರೆ. ಹೊಲಮನೆ ಒಡೆಯಬಾರದು, ಮಗಳು ಕಣ್ಣೆದುರಿಗಿರಬೇಕು ಎಂಬ ಕಾಳಜಿಗಳು ಅಕ್ಕನ ಮಗಳನ್ನು ತಂದುಕೊಳ್ಳುವ ರೂಢಿಯನ್ನು ಪೋಷಿಸಿದವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ಕರ್ನಾಟಕದ ಮದುವೆಗಳಲ್ಲಿ ಸುಮಾರು ನಾಲ್ಕರಲ್ಲೊಂದು ರಕ್ತಸಂಬಂಧದ್ದಾಗಿದೆ.

ಸೋದರಮಾವ-ಸೊಸೆಯರು ತಮ್ಮ ವಂಶವಾಹಿಗಳಲ್ಲಿ ಸರಾಸರಿ ನಾಲ್ಕನೆಯ ಒಂದು ಭಾಗವನ್ನು ಹಂಚಿಕೊಂಡಿರುತ್ತಾರೆ. ಇಬ್ಬರಲ್ಲಿಯೂ ಒಂದೇ ದೋಷ ಸುಪ್ತವಾಗಿದ್ದರೆ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲೊಂದು. ಇಂಥ ಮದುವೆಗಳ ಬಹುಪಾಲು ಮಕ್ಕಳು ಆರೋಗ್ಯವಂತರೆಂಬುದನ್ನೂ ಇಲ್ಲಿಯೇ ಹೇಳಬೇಕು.

ಹೆಳವರು ಹೇಳದ ಹೆಸರುಗಳು

ವಂಶದ ನೆನಪನ್ನು ಕಾಯುವ ವೃತ್ತಿಗಾಯಕರು ಉತ್ತರ ಕರ್ನಾಟಕದಲ್ಲಿದ್ದಾರೆ. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಊರಿಗೆ ಬರುವ ಹೆಳವರು ಒಕ್ಕಲು ಮನೆತನಗಳ ಹಿರಿಯರ ಹೆಸರು, ಬೆಡಗು, ಮೂಲ ಊರುಗಳನ್ನು ಹೇಳಿ ದವಸಧಾನ್ಯ ಪಡೆಯುತ್ತಾರೆ. ಆಸ್ಪತ್ರೆಯಲ್ಲಿ ವೈದ್ಯರು ಮೂರು ತಲೆಮಾರು ಕೇಳಿದರೆ ಕುಟುಂಬದವರು ತಡವರಿಸುವುದುಂಟು; ಹೆಳವನ ಹೊತ್ತಿಗೆ ಅದಕ್ಕೂ ಹಿಂದೆ ಹೋಗುತ್ತದೆ. ಆದರೂ ಅದು ಮುಖ್ಯವಾಗಿ ಗಂಡು ಸಂತತಿಯ ದಾಖಲೆ. ಕೊಟ್ಟ ಹೆಣ್ಣುಮಕ್ಕಳ ಸಂತಾನ ಅದರಲ್ಲಿ ಮುಂದುವರಿಯುವುದಿಲ್ಲ. ಸೋದರಿಕೆಯಲ್ಲಿ ದೋಷವು ಮತ್ತೆ ಸಂಧಿಸುವುದು ಈ ಹೆಣ್ಣುಮಕ್ಕಳ ಮೂಲಕವೇ. ಆ ಎಳೆಯನ್ನು ಕಾದಿರಿಸಿದವರು ತವರಿನ ನೆನಪನ್ನು ಬಿಡದ ಹೆಂಗಸರು. ಯಾರ ಮಗಳು ಯಾರ ಮನೆ ಸೇರಿದಳು, ಯಾವ ಕೂಸು ದೀಪ ಹಚ್ಚುವ ಹೊತ್ತಿಗೆ ತಡವರಿಸತೊಡಗಿತು ಎಂಬುದನ್ನು ಅವರು ಬಲ್ಲರು.

ಆದರೆ ಆ ಹೆಂಗಸರೇ ಅಪವಾದವನ್ನೂ ಹೊತ್ತರು. ಕಣ್ಣಿಲ್ಲದ ಮಗು ಹುಟ್ಟಿದರೆ ಸೊಸೆಯ ಕಾಲ್ಗುಣ, ಹಳೆಯ ಶಾಪ, ಗ್ರಹಣದಲ್ಲಿ ಮಾಡಿದ ತಪ್ಪು ಎಂಬ ವಿವರಣೆಗಳು ಸಿದ್ಧವಾಗಿದ್ದವು. ಸುಪ್ತ ದೋಷವು ತಂದೆತಾಯಿಗಳಿಬ್ಬರಿಂದಲೂ ಸಮನಾಗಿ ಬರುತ್ತದೆ ಎಂಬ ತಿಳಿವು ಈ ಅಪವಾದದ ಬುಡವನ್ನೇ ಅಲುಗಿಸುತ್ತದೆ. ಇನ್ನೊಂದು ಬಗೆಯಲ್ಲಿ ದೋಷವು ಎಕ್ಸ್ ವರ್ಣತಂತುವಿನ ಮೇಲಿರುತ್ತದೆ. ಅಲ್ಲಿ ಚೆನ್ನಾಗಿ ಕಾಣಬಲ್ಲ ತಾಯಿಯ ಅಕ್ಷಿಪಟದಲ್ಲಿಯೂ ವಿಶಿಷ್ಟ ಹೊಳಪಿನ ಗುರುತು ಚಿತ್ರದಲ್ಲಿ ಮೂಡುವುದುಂಟು. ಇದು ರೋಗನಿರ್ಣಯಕ್ಕೆ ನೆರವಾಗುವ ಸುಳಿವು. ಎಚ್ಚರವಿಲ್ಲದೆ ಹೇಳಿದರೆ ಹಳೆಯ ಅಪವಾದಕ್ಕೆ ಹೊಸ ಸಾಕ್ಷಿಯೂ ಆದೀತು. ಚಿತ್ರ ತೋರಿಸುವುದು ಕಾರಣವನ್ನು; ತಪ್ಪಿತಸ್ಥರನ್ನಲ್ಲ.

ಸಮಾರೋಪ

ಚಿತ್ರವೊಂದೇ ಪೂರ್ಣ ಪ್ರಮಾಣವಲ್ಲ. ಕೆಲವು ಹುಟ್ಟುಗುರುಡುಗಳಲ್ಲಿ ಎಳವೆಯ ಅಕ್ಷಿಪಟ ಸಹಜವಾಗಿಯೇ ಕಾಣಬಹುದು. ಆಗ ಅಕ್ಷಿಪಟದ ವಿದ್ಯುತ್ ಸ್ಪಂದನದ ಪರೀಕ್ಷೆ, ವಂಶವಾಹಿಯ ಪರೀಕ್ಷೆಗಳು ಬೇಕಾಗುತ್ತವೆ. ಆರ್‌ಪಿಇ65 ಎಂಬ ವಂಶವಾಹಿಯ ದೋಷಕ್ಕೆ 2017ರಲ್ಲಿ ಅಮೆರಿಕದಲ್ಲಿ ಚಿಕಿತ್ಸೆ ಮಂಜೂರಾದ ಮೇಲೆ, ಯಾವ ಮನೆತನದಲ್ಲಿ ಯಾವ ದೋಷ ಎಂಬ ಪ್ರಶ್ನೆಗೆ ಪ್ರಾಯೋಗಿಕ ಮಹತ್ವವೂ ಬಂದಿದೆ. ಚಿತ್ರವು ಇಂದಿನ ಕಣ್ಣೊಂದನ್ನು ತೋರಿಸಿದರೆ, ಆ ಕಣ್ಣಿಗೆ ರೋಗ ನಡೆದುಬಂದ ದಾರಿಯನ್ನು ಮೌಖಿಕ ಪರಂಪರೆ ಸೂಚಿಸಬಲ್ಲದು. ಹೆಳವರ ಹೊತ್ತಿಗೆಗಳನ್ನೂ ಹೆಂಗಸರ ನೆನಪುಗಳನ್ನೂ ಒಟ್ಟಿಗೆ ಇಟ್ಟು, ಕುಟುಂಬಗಳ ಒಪ್ಪಿಗೆ ಪಡೆದು, ಹೆಸರುಗಳನ್ನು ಗೋಪ್ಯವಾಗಿರಿಸಿ ಸಂಗ್ರಹಿಸುವ ಕಾರ್ಯ ಈ ಸೀಮೆಯಲ್ಲಿ ನಡೆಯಬೇಕಾಗಿದೆ. ಹಳೆಯ ತಲೆಮಾರಿನ ಅಜ್ಜಿಯರು ಇರುವಾಗಲೇ ಅದು ಆಗಬೇಕು.