ಸೂಜಿಗೂ ಒಂದು ಸೂಚನೆ ಬೇಕು

ಸಿಕಂದರಾಬಾದಿನ ದವಾಖಾನೆಗಳಲ್ಲಿ ಒಂದೇ ಬೇಡಿಕೆ ಮೂರು ಭಾಷೆಗಳಲ್ಲಿ ಕಿವಿಗೆ ಬೀಳುತ್ತದೆ. ತೆಲುಗಿನವರು ‘ಸೂದಿ’ ಹಾಕಿ ಎನ್ನುತ್ತಾರೆ, ದಖನಿ ಮಾತಾಡುವವರು ‘ಸುಯಿ’ ಕೇಳುತ್ತಾರೆ. ವಾಡಿ, ತಾಂಡೂರು, ವಿಕಾರಾಬಾದ್ ದಾಟಿ ರೈಲಿನಲ್ಲಿ ಬಂದ ಕಲಬುರಗಿ ಕಡೆಯವರು ‘ಒಂದ್ ಸೂಜಿ ಮಾಡ್ರಿ ಸಾಹೇಬ್ರ’ ಎನ್ನುತ್ತಾರೆ. ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ರಾಜ್ಯ ಬದಲಾದರೂ ದೊಡ್ಡ ಕಾಯಿಲೆಗೆ ಈ ಅವಳಿ ನಗರಕ್ಕೆ ಬರುವ ರೂಢಿ ಉಳಿದಿದೆ. ಅದರ ಜೊತೆಗೆ, ಸೂಜಿ ಚುಚ್ಚಿಸಿಕೊಂಡರೇ ಚಿಕಿತ್ಸೆ ಆದಂತೆ ಎಂಬ ನಂಬಿಕೆಯೂ ಉಳಿದಿದೆ.

ಈ ಮೂರು ಮಾತುಗಳಿಗೂ ತಾಯಿ ಸಂಸ್ಕೃತದ ‘ಸೂಚೀ’. ಪ್ರಾಕೃತ ನಡುವಿನ ಚಕಾರವನ್ನು ಕಳೆದು ‘ಸೂಈ’ ಎಂದಿತು. ದಖನಿಯ ಸುಯಿ ಬಂದದ್ದು ಆ ದಾರಿಯಲ್ಲಿ. ತೆಲುಗು ಚಕಾರದ ಜಾಗದಲ್ಲಿ ದಕಾರವನ್ನು ಇಟ್ಟುಕೊಂಡಿತು. ತಮಿಳಿನ ‘ಊಸಿ’ಯಲ್ಲಿ ಮೊದಲ ಸಕಾರವೇ ಇಲ್ಲ. ಕನ್ನಡ ಚಕಾರವನ್ನು ಮೆದುಗೊಳಿಸಿ ಜಕಾರ ಮಾಡಿತು. ‘ಕಾಚ’ ಗಾಜಾದದ್ದೂ ಹೀಗೆಯೇ. ಹಿಂದಿನ ಆಸ್ಪತ್ರೆಗಳಲ್ಲಿ ನೀರಿನಲ್ಲಿ ಕುದಿಯುತ್ತಿದ್ದ ಗಾಜಿನ ಸಿರಿಂಜು ಮತ್ತು ಅದರ ಸೂಜಿ, ಎರಡೂ ಕನ್ನಡದ ಬಾಯಲ್ಲಿ ಒಂದೇ ಬಗೆಯಲ್ಲಿ ಮೆದುವಾದ ಪದಗಳು.

ಕನ್ನಡದಲ್ಲಿ ಸೂಜಿ ಬಹುಕಾಲ ಬಟ್ಟೆಯ ಜೊತೆಗೇ ಬಾಳಿತು. ಗೋಣಿ ಹೊಲಿಯುವ ದಪ್ಪನೆಯದಕ್ಕೆ ದಬ್ಬಣ ಎಂಬ ಬೇರೆ ಹೆಸರಿತ್ತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನಿದ್ದಾನೆ; ಆ ಪುಟ್ಟ ಉಪಕರಣ ಅವನ ಹೆಸರಿನ ಭಾಗವೇ ಆಗಿದೆ. ಸಪೂರ ಎಸಳಿನ ಹೂವಿಗೆ ಸೂಜಿಮಲ್ಲಿಗೆ ಎಂದೆವು, ಕಬ್ಬಿಣವನ್ನು ಸೆಳೆಯುವ ಕಲ್ಲಿಗೆ ಸೂಜಿಗಲ್ಲು ಎಂದೆವು. ಅದೇ ಕಲ್ಲನ್ನು ತೆಲುಗಿನವರು ‘ಸೂದಂಟುರಾಯಿ’ ಎನ್ನುತ್ತಾರೆ, ಎಂದರೆ ಸೂಜಿ ಅಂಟುವ ಕಲ್ಲು. ಮಹಾಭಾರತದ ದುರ್ಯೋಧನ ಪಾಂಡವರಿಗೆ ಸೂಜಿಮೊನೆಯಷ್ಟು ನೆಲವನ್ನೂ ಕೊಡಲು ಒಪ್ಪಲಿಲ್ಲ. ಕಿರಿದರಲ್ಲಿ ಕಿರಿದನ್ನು ಹೇಳಬೇಕಾದಾಗ ನಮಗೆ ಒದಗಿದ ಅಳತೆಯೂ ಸೂಜಿಯೇ.

ವೈದ್ಯಕ್ಕೆ ಈ ಪದ ಹೊಸದಾಗಿ ಬಂದದ್ದಲ್ಲ. ಗಾಯ ಹೊಲಿಯಲು ಮೂರು ಬಗೆಯ ಸೂಜಿಗಳನ್ನು ಸುಶ್ರುತಸಂಹಿತೆ ವಿವರಿಸುತ್ತದೆ. ಮಾಂಸ ಕಡಿಮೆ ಇರುವಲ್ಲಿಗೆ ಎರಡು ಅಂಗುಲದ ದುಂಡನೆಯದು, ಮಾಂಸಲ ಭಾಗಕ್ಕೆ ಮೂರು ಅಂಗುಲದ ಮುಮ್ಮೂಲೆಯದು, ಮರ್ಮಸ್ಥಾನಗಳಿಗೆ ಬಿಲ್ಲಿನಂತೆ ಬಾಗಿದ್ದು. ರಸವೈದ್ಯದಲ್ಲಿ ‘ಸೂಚಿಕಾಭರಣ ರಸ’ ಎಂಬ ಔಷಧಿಯಿದೆ. ಪ್ರಜ್ಞೆ ತಪ್ಪಿದ ರೋಗಿಯ ನೆತ್ತಿಯಲ್ಲಿ ಚರ್ಮ ಗೀರಿ, ಸೂಜಿಮೊನೆಗೆ ಹತ್ತುವಷ್ಟನ್ನು ಮಾತ್ರ ಲೇಪಿಸುವ ಮದ್ದು ಅದು. ಬಾಯಿಯನ್ನು ಬಿಟ್ಟು ರಕ್ತದ ಮೂಲಕವೇ ಮದ್ದು ಕೊಡುವ ಯೋಚನೆ ಅಲ್ಲಿ ಆಗಲೇ ಇದೆ.

ಆದರೆ ಆ ಸೂಜಿ ಗಟ್ಟಿ ಲೋಹದ್ದು. 1844ರಲ್ಲಿ ಡಬ್ಲಿನ್ನಿನ ಫ್ರಾನ್ಸಿಸ್ ರಿಂಡ್ ಟೊಳ್ಳು ಸೂಜಿಯನ್ನು ಬಳಸಿದ. 1853ರಲ್ಲಿ ಅಲೆಕ್ಸಾಂಡರ್ ವುಡ್ ಮತ್ತು ಚಾರ್ಲ್ಸ್ ಪ್ರವಾಜ್ ಬೇರೆಬೇರೆಯಾಗಿ ಅದನ್ನು ಸಿರಿಂಜಿಗೆ ಜೋಡಿಸಿದರು. ಹೊಲಿಗೆಯ ಸೂಜಿಗೆ ಕಣ್ಣು ಹಿಂಬದಿಯಲ್ಲಿ. ಹೊಸ ಸೂಜಿಯ ಕಣ್ಣು ಮೊನೆಗೆ ಬಂದು ಉದ್ದಕ್ಕೂ ಕೊಳವೆಯಾಯಿತು. ಉಪಕರಣ ಬೇರೆಯಾದರೂ ಜನ ಹೊಸ ಹೆಸರು ಹುಡುಕಲಿಲ್ಲ, ಹಳೆಯ ಸೂಜಿಯನ್ನೇ ಅದಕ್ಕೂ ಕೊಟ್ಟರು. ಪುಸ್ತಕದ ಕನ್ನಡದಲ್ಲಿ ಮಾತ್ರ ಚುಚ್ಚುಮದ್ದು ಬಂತು.

ಇಪ್ಪತ್ತನೆಯ ಶತಮಾನದಲ್ಲಿ ಆ್ಯಂಟಿಬಯಾಟಿಕ್‌ಗಳು ಬಂದಾಗ ಸೂಜಿ ಎಂಬ ಪದಕ್ಕೆ ಎಂದೂ ಇಲ್ಲದ ಪ್ರತಿಷ್ಠೆ ಬಂತು. ಆರಂಭದ ಪೆನಿಸಿಲಿನ್ ಹೊಟ್ಟೆಯ ಆಮ್ಲದಲ್ಲಿ ಹಾಳಾಗುತ್ತಿತ್ತು. 1943ರಲ್ಲಿ ಆಲ್ಬರ್ಟ್ ಷಾಟ್ಸ್ ಮತ್ತು ಸೆಲ್ಮನ್ ವಾಕ್ಸ್‌ಮನ್ ಕಂಡುಹಿಡಿದ ಸ್ಟ್ರೆಪ್ಟೊಮೈಸಿನ್ ಕರುಳಿನಿಂದ ರಕ್ತಕ್ಕೆ ಸೇರುತ್ತಲೇ ಇರಲಿಲ್ಲ. ಬೇರೆ ದಾರಿಯಿಲ್ಲದೆ ಇವನ್ನು ಸೂಜಿಯಲ್ಲಿ ಕೊಟ್ಟರು. ಸಾವಿನ ಬಾಗಿಲಲ್ಲಿದ್ದವರು ಎದ್ದು ಕುಳಿತದ್ದನ್ನು ಕಂಡ ಜನ, ಆ ಗುಣ ಸೂಜಿಯದೇ ಎಂದು ತಿಳಿದರು. ಹಾಗಾಗಿ ಇಂದಿಗೂ ಮಾತ್ರೆ ಕೊಟ್ಟು ಕಳಿಸುವ ವೈದ್ಯರಿಗಿಂತ, ಬಸ್ತಿಯಲ್ಲಿ ಸೂಜಿ ಹಾಕುವ, ವೈದ್ಯ ಪದವಿಯಿಲ್ಲದ ಆರ್‌ಎಂಪಿ ಡಾಕ್ಟರೇ ಹಲವರಿಗೆ ಮೇಲಾಗಿ ಕಾಣುತ್ತಾರೆ. ಚಿನ್ನದ ಸೂಜಿ ಎಂದು ಕಣ್ಣಿಗೆ ಚುಚ್ಚಿಕೊಳ್ಳಲಾದೀತೇ ಎಂದು ನಮ್ಮ ಗಾದೆ ಕೇಳುತ್ತದೆ. ಅದನ್ನು ಇಲ್ಲಿಯೂ ಕೇಳಬೇಕಾಗಿದೆ.

ಈಗ ಎಲ್ಲೆಡೆ ಬಳಕೆಯಲ್ಲಿರುವ ಆ್ಯಂಟಿಬಯಾಟಿಕ್ ಸೂಜಿ ಸೆಫ್ಟ್ರಿಯಾಕ್ಸೋನ್ ಅನ್ನೇ ನೋಡೋಣ. ಮೋನೋಸೆಫ್ ಮೊದಲಾದ ಹೆಸರುಗಳಲ್ಲಿ ಸಿಗುವ ಬಿಳಿ ಪುಡಿಯ ಸೀಸೆ ಇದು. 1945ರಲ್ಲಿ ಸಾರ್ಡೀನಿಯಾ ದ್ವೀಪದ ಕಾಲ್ಯಾರಿಯಲ್ಲಿ, ಚರಂಡಿ ನೀರು ಸಮುದ್ರ ಸೇರುವ ಕಡೆ ಜುಸೆಪ್ಪೆ ಬ್ರೋತ್ಸು ಗುರುತಿಸಿದ ಶಿಲೀಂಧ್ರದಿಂದ ಇದು ಸೇರಿರುವ ಔಷಧಿಗಳ ವಂಶ ಶುರುವಾಯಿತು. ಟೈಫಾಯಿಡ್, ಮೆದುಳುಪೊರೆಯ ಸೋಂಕು, ತೀವ್ರ ನ್ಯುಮೋನಿಯಾ, ರಕ್ತಕ್ಕೆ ಹರಡಿದ ಸೋಂಕು, ಗೊನೋರಿಯಾ ಇದರ ನಿಜವಾದ ಕೆಲಸಗಳು. ದೇಹದಲ್ಲಿ ದೀರ್ಘಕಾಲ ಉಳಿಯುವುದರಿಂದ ಬಹಳಷ್ಟು ಕಾಯಿಲೆಗಳಿಗೆ ದಿನಕ್ಕೆ ಒಂದು ಸಲ ಸಾಕು. ನೆಗಡಿ, ಡೆಂಗಿ, ಸಾಮಾನ್ಯ ವೈರಲ್ ಜ್ವರಗಳ ಮೇಲೆ ಇದರ ಪ್ರಭಾವ ಸೊನ್ನೆ.

ಇದರ ಅಡ್ಡಪರಿಣಾಮಗಳಲ್ಲಿ ಚುಚ್ಚಿದ ಜಾಗದ ನೋವು, ಭೇದಿ, ಮೈಮೇಲಿನ ದದ್ದು ಸಾಮಾನ್ಯ. ಪಿತ್ತಕೋಶದಲ್ಲಿ ಗಸಿ ಕಟ್ಟುವುದುಂಟು, ಔಷಧಿ ನಿಂತ ಮೇಲೆ ಅದು ಕರಗುತ್ತದೆ. ಚಿಕಿತ್ಸೆ ಮುಗಿದು ವಾರಗಳಾದ ಮೇಲೂ ನೀರಿನಂಥ ಭೇದಿ ಹಿಡಿದರೆ ಸುಮ್ಮನಿರಬಾರದು, ಕರುಳಿನಲ್ಲಿ ಬೇರೊಂದು ಅಪಾಯಕಾರಿ ಬ್ಯಾಕ್ಟೀರಿಯಾ ಬೆಳೆದಿರಬಹುದು. ಎಲ್ಲಕ್ಕಿಂತ ಭಯದ್ದು ಕೆಲವೇ ನಿಮಿಷಗಳಲ್ಲಿ ಉಸಿರು ಕಟ್ಟಿ, ಮುಖ ಊದಿ, ರಕ್ತದೊತ್ತಡ ಕುಸಿಯುವ ಅಲರ್ಜಿ. ಆಗ ಕೂಡಲೇ ತೊಡೆಗೆ ಅಡ್ರಿನಲಿನ್ ಕೊಡಬೇಕು. ಅಡ್ರಿನಲಿನ್ ಇಲ್ಲದ ಜಾಗದಲ್ಲಿ ಈ ಸೂಜಿಯೂ ಇರಕೂಡದು. ನವಜಾತ ಶಿಶುವಿಗೆ ಕ್ಯಾಲ್ಸಿಯಂ ಇರುವ ಸಲಾಯಿನ್ ಹಚ್ಚಿದ್ದರೆ ಈ ಔಷಧಿ ಸಲ್ಲದು, ಎರಡೂ ಸೇರಿ ಹರಳುಗಟ್ಟುತ್ತವೆ. ಸ್ನಾಯುವಿಗೆ ಕೊಡುವಾಗ ನೋವು ತಗ್ಗಿಸಲು ಲಿಡೋಕೇನ್ ಬೆರೆಸುತ್ತಾರೆ. ಹಾಗೆ ಬೆರೆಸಿದ್ದು ಎಂದಿಗೂ ರಕ್ತನಾಳಕ್ಕೆ ಹೋಗಬಾರದು.

ಸೂಜಿಯಲ್ಲಿ ಕೊಡುವ ಇನ್ನೆರಡು ಆ್ಯಂಟಿಬಯಾಟಿಕ್‌ಗಳಾದ ಜೆಂಟಾಮೈಸಿನ್, ಅಮಿಕಾಸಿನ್‌ಗಳ ದಾರಿ ಬೇರೆ. ಅವು ಮೂತ್ರಪಿಂಡವನ್ನೂ ಒಳಗಿವಿಯನ್ನೂ ಕೆಡಿಸಬಲ್ಲವು. ಹೋದ ಶ್ರವಣ ಮರಳುವುದಿಲ್ಲ. ತಾಯಿಯಿಂದ ಮಕ್ಕಳಿಗೆ ಇಳಿಯುವ ಒಂದು ಜೀನ್ ಬದಲಾವಣೆ ಇದ್ದವರಿಗೆ ಈ ಅಪಾಯ ಹೆಚ್ಚು. ತಾಯಿಯ ಕಡೆಯವರಲ್ಲಿ ಯಾರಿಗಾದರೂ ಇಂಥ ಸೂಜಿಯ ನಂತರ ಕಿವಿ ಕೇಳಿಸದೆ ಹೋಗಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು. ಸೂಜಿ ಶುದ್ಧವಾಗಿಲ್ಲದಿದ್ದರಂತೂ ಔಷಧಿಯ ಮಾತೇ ಹಿಂದೆ ಸರಿಯುತ್ತದೆ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್ ಬಿ ಹರಡಿ ಹಲವರು ಪ್ರಾಣ ಕಳೆದುಕೊಂಡರು.

ಸೂಚೀ ಪದಕ್ಕೆ ಇನ್ನೊಂದು ಬಾಳೂ ಇದೆ. ಮೊನೆಯಿದ್ದದ್ದು ಚುಚ್ಚುತ್ತದೆ, ಬೊಟ್ಟು ಮಾಡಿ ತೋರಿಸುವುದಕ್ಕೂ ಮೊನೆಯೇ ಬೇಕು. ಹಾಗೆ ತೋರಿಸುವ ಅರ್ಥದಿಂದ ಸೂಚಿಸು, ಸೂಚನೆ, ವಿಷಯಸೂಚಿ, ಅನುಸೂಚಿ ಬಂದವು. ಇವು ತತ್ಸಮಗಳಾಗಿ ಚಕಾರವನ್ನು ಉಳಿಸಿಕೊಂಡದ್ದರಿಂದ ಸೂಜಿಯ ನಂಟು ನಮ್ಮ ಕಿವಿಗೆ ಹತ್ತುವುದಿಲ್ಲ. ನಮ್ಮ ಔಷಧ ಕಾನೂನಿನಲ್ಲಿ 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಅನುಸೂಚಿ ಎಚ್1ರಲ್ಲಿ ಸೆಫ್ಟ್ರಿಯಾಕ್ಸೋನ್ ಕೂಡ ಇದೆ. ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರುವಂತಿಲ್ಲ. ಚೀಟಿ ಬರೆದವರ, ರೋಗಿಯ, ಔಷಧಿಯ ವಿವರವನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಇದು ಕಾಗದದ ಕಾಟವೆಂದು ಕಾಣಬಹುದು. ಆದರೆ 2016ರಿಂದ ಪಾಕಿಸ್ತಾನದ ಸಿಂಧ್‌ನಲ್ಲಿ ಹರಡಿದ ಟೈಫಾಯಿಡ್ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗಲಿಲ್ಲ. ಕಾರಣವಿಲ್ಲದೆ ಹಾಕಿದ ಪ್ರತಿ ಸೂಜಿಯೂ ಬ್ಯಾಕ್ಟೀರಿಯಾಗಳಿಗೆ ಅಂಥ ಪಾಠ ಕಲಿಸುತ್ತದೆ.

ವೈದ್ಯರ ಮಾತಿನಲ್ಲಿ, ಯಾವ ಕಾಯಿಲೆಗೆ ಒಂದು ಮದ್ದು ತಕ್ಕದ್ದೋ ಆ ಕಾಯಿಲೆಯೇ ಆ ಮದ್ದಿನ ಸೂಚನೆ. ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟ ಮಗುವಿಗೆ ಮೂರು ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಬೇಕು. ಅಲ್ಲಿ ಸೂಚನೆ ಸ್ಪಷ್ಟ, ಒಂದು ಸೂಜಿ ತಪ್ಪಿದರೂ ಅಪಾಯ. ಮೂರು ದಿನದ ನೆಗಡಿಗೆ ಅಂಥ ಸೂಚನೆಯೇ ಇಲ್ಲ. ಆದ್ದರಿಂದ ದವಾಖಾನೆಯಲ್ಲಿ ಸೂಜಿ ಕೇಳುವ ಮೊದಲು ಅದರ ಸೂಚನೆಯನ್ನು ಕೇಳೋಣ. ಇದು ಯಾವ ಸೋಂಕಿಗೆ, ರಕ್ತಪರೀಕ್ಷೆ ಏನು ಹೇಳಿತು, ಎಷ್ಟು ದಿನ ಬೇಕು, ಯಾವಾಗ ಮಾತ್ರೆಗೆ ಬದಲಾಯಿಸಬಹುದು ಎಂದು ಕೇಳುವುದು ರೋಗಿಯ ಹಕ್ಕು. ಹಿಂದೆ ಯಾವ ಔಷಧಿಗೆ ಮೈ ಉಬ್ಬಿತ್ತು, ಮೂತ್ರಪಿಂಡದ ತೊಂದರೆ ಇದೆಯೇ, ಬಸುರಿಯೇ ಎಂಬುದನ್ನು ಮುಚ್ಚಿಡದೆ ಹೇಳುವುದು ರೋಗಿಯ ಹೊಣೆ. ಹೊಸ ಸಿರಿಂಜಿನ ಪೊಟ್ಟಣವನ್ನು ನಮ್ಮೆದುರೇ ಒಡೆಯಲಿ. ಚುಚ್ಚಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲೇ ಕೂರೋಣ. ಸೂಜಿ ಬೇಡ, ಮಾತ್ರೆ ಸಾಕು ಎಂದು ವೈದ್ಯರು ಹೇಳಿದರೆ ಅದೂ ಪೂರ್ತಿ ಚಿಕಿತ್ಸೆಯೇ ಎಂದು ನಂಬಿ ಮನೆಗೆ ಬರೋಣ.