ತಾಯಿಯಿಂದ ಮಗಳಿಗೆ ಬಂದ ಇತಿಹಾಸ

ಯರಗಟ್ಟಿಯ ಎರೆಭೂಮಿಯಿಂದ ಪಶ್ಚಿಮಕ್ಕೆ ಹೊರಟರೆ, ಬೆಳಗಾವಿ ಜಿಲ್ಲೆಯ ಇನ್ನೊಂದು ಅಂಚಿನಲ್ಲಿ ಖಾನಾಪುರದ ಕಾಡು ಎದುರಾಗುತ್ತದೆ. ಅಲ್ಲಿಯೂ, ನೆರೆಯ ಹಳಿಯಾಳ, ಯಲ್ಲಾಪುರಗಳಲ್ಲಿಯೂ ಸಿದ್ದಿ ಜನರಿದ್ದಾರೆ. ಇವರ ಪೂರ್ವಜರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕದಿಂದ ಗುಲಾಮರನ್ನಾಗಿ ಗೋವೆಗೆ ತಂದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಅವರ ತಾಯಂದಿರ ಹೆಸರನ್ನು ಯಾರು ಬರೆದಿಟ್ಟಾರು?

ಹೆಸರು ಉಳಿಯದಿದ್ದರೂ ಗುರುತು ಉಳಿದಿದೆ. ನಮ್ಮ ಜೀವಕೋಶಗಳ ಮೈಟೊಕಾಂಡ್ರಿಯದಲ್ಲಿ ಸುಮಾರು 16,569 ಅಕ್ಷರಗಳ ಪುಟ್ಟ ಡಿಎನ್‌ಎ ಉಂಟು. ಅದು ಮಗನಿಗೂ ಮಗಳಿಗೂ ತಾಯಿಯಿಂದಲೇ ಬರುತ್ತದೆ. ಮುಂದಿನ ತಲೆಮಾರಿಗೆ ದಾಟಿಸುವವಳು ಮಗಳು ಮಾತ್ರ. ಅಪರೂಪಕ್ಕೊಮ್ಮೆ ಅದರ ಒಂದು ಅಕ್ಷರ ಬದಲಾಗುತ್ತದೆ. ಇಂಥ ಬದಲಾವಣೆಗಳನ್ನು ಹೋಲಿಸಿ ವಿಜ್ಞಾನಿಗಳು ತಾಯಿವಂಶದ ಕವಲುಗಳನ್ನು ಗುರುತಿಸುತ್ತಾರೆ. ಆಫ್ರಿಕದ ಹಳೆಯ ಕವಲುಗಳಿಗೆ ‘ಎಲ್’ ಎಂದು ಹೆಸರು. ಭಾರತದಲ್ಲಿ ಇವು ವಿರಳ.

ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳು ಮತ್ತು ಸಂಗಡಿಗರು ಕರ್ನಾಟಕ, ಗುಜರಾತಿನ ಸಿದ್ದಿಯರ ಬಗ್ಗೆ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಕವಲುಗಳು ಕಂಡುಬಂದವು. ಆದರೆ ಆಫ್ರಿಕದ ಗುರುತು ತಂದೆಯ ವಂಶದಲ್ಲಿ ಹೆಚ್ಚು, ತಾಯಿಯ ವಂಶದಲ್ಲಿ ಕಡಿಮೆ. ಅಂದರೆ, ಇಲ್ಲಿನ ಹೆಣ್ಣುಮಕ್ಕಳೂ ಸಿದ್ದಿ ಮನೆಗಳ ತಾಯಂದಿರಾದರು.

ಇನ್ನೊಂದು ಮಾತು. ಭಾರತೀಯರಲ್ಲಿ ಹೆಚ್ಚಾಗಿ ಕಾಣುವ ‘ಎಂ’, ‘ಎನ್’ ಕವಲುಗಳೂ 50 ಸಾವಿರ ವರ್ಷಗಳಿಗಿಂತ ಹಿಂದೆ ‘ಎಲ್3’ ಎಂಬ ಆಫ್ರಿಕದ ಕವಲಿನಿಂದ ಒಡೆದವು. ನಮ್ಮ ಅಜ್ಜಿಯರು ಮೊದಲು ಹೊರಟರು, ಸಿದ್ದಿಯರ ಅಜ್ಜಿಯರು ತಡವಾಗಿ, ಅದೂ ಬಲವಂತದಿಂದ, ಬಂದರು. ವಿದ್ಯಾರ್ಥಿಗಳೇ, ಹೀಗಿರುವಾಗ ಯಾರನ್ನು ಹೊರಗಿನವರು ಎನ್ನೋಣ?